ನನ್ನ ಹೆಸರಲ್ಲಿ ಮಾತಾಡಿದ್ದು

ಮೂರು ಮೊಬೈಲುಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು ದಿಗಂತಣ್ಣ ಪರೀಕ್ಷೆ ಶುರುಮಾಡಿದರು. ಒಂದೊಂದರಲ್ಲಿ ಒಂದೊಂದು ಎಐ. ಮೂರ್ನಾಡಿನಿಂದ ಸ್ವಲ್ಪ ಒಳಗಿರುವ ಅವರ ಹೋಂಸ್ಟೇಗೆ ಬರುವವರ ಪ್ರಶ್ನೆಗಳಿಗೆ ಯಾವುದು ಚೆನ್ನಾಗಿ ಉತ್ತರಿಸುತ್ತದೆ ಎಂದು ನೋಡಬೇಕಿತ್ತು. ಮಡಿಕೇರಿಯಲ್ಲಿ ಯಾರೋ ನಡೆಸಿದ ತರಬೇತಿಗೆ ಹೋಗಿ ಬಂದಾಗಿನಿಂದ ಅವರಿಗೆ ಅದೇ ಧ್ಯಾನ.

ಆ ಪ್ರಶ್ನೆಗಳಿಗೆ ಅಲ್ಲಿಯವರೆಗೆ ಉತ್ತರ ಬರೆಯುತ್ತಿದ್ದವಳು ನಾನು. ನನ್ನ ಊರು ಶನಿವಾರಸಂತೆಯ ಕಡೆ. ಅಪ್ಪ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ತೀರಿಕೊಂಡ ಮೇಲೆ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು, ಆಮೇಲೆ ಈ ಮನೆಗೆ ಕೆಲಸಕ್ಕೆ ಬಂದೆ. ಎದುರಿಗೆ ಜನ ನಿಂತರೆ ನನ್ನ ಬಾಯಿ ಕಟ್ಟುತ್ತದೆ. ಬರೆಯುವಾಗ ಹಾಗಾಗುವುದಿಲ್ಲ. ಹೋಂಸ್ಟೇಯ ಫೋನು ಕೈಗೆ ಬಂದ ಮೇಲೆ ಮಳೆ, ರಸ್ತೆ, ಜಿಗಣೆ ಎಲ್ಲದರ ಬಗ್ಗೆ ಬರೆದು ಕೊನೆಯಲ್ಲಿ 'ಸುಧಾ' ಎಂದು ಹಾಕುತ್ತಿದ್ದೆ. ಬಂದವರು ನನ್ನನ್ನೇ ಹುಡುಕಿಕೊಂಡು ಅಡುಗೆಮನೆಗೆ ಬರುತ್ತಿದ್ದರು.

"ಕೇಳಿ, ಮೂರಕ್ಕೂ ಒಂದೇ ಪ್ರಶ್ನೆ," ಎಂದರು ದಿಗಂತಣ್ಣ. "ಹಾರಂಗಿ ಹಿನ್ನೀರಲ್ಲಿ ಮಕ್ಕಳನ್ನ ಈಜಕ್ಕೆ ಬಿಡಬಹುದಾ?"

ಮೊದಲನೆಯದು ತಮ್ಮ ಆಗಮನ ನಮಗೆ ಹರ್ಷದಾಯಕ ಎಂದು ಶುರುಮಾಡಿ ಅಣೆಕಟ್ಟಿನ ಚರಿತ್ರೆಗೆ ಹೋಯಿತು. ಎರಡನೆಯದು, ಅಪಾಯ, ಬೇಡ, ಈಗ ನೀರು ಎಷ್ಟಿದೆಯೋ ನನಗೆ ಗೊತ್ತಿಲ್ಲ, ಮನೆಯವರನ್ನು ಕೇಳಿ ಹೇಳುತ್ತೇನೆ ಎಂದಿತು. ಮೂರನೆಯದು, 'ಬೇಡ ಅಕ್ಕಾ, ಆ ನೀರನ್ನು ನಂಬುವ ಹಾಗಿಲ್ಲ. ಮಕ್ಕಳಿಗೆ ನಮ್ಮ ಮನೆ ಹತ್ತಿರ ಸಣ್ಣ ನೀರಿನ ತೋಡು ಇದೆ, ಕಾಲು ಇಳಿಬಿಟ್ಟು ಕೂರಬಹುದು' ಎಂದಿತು.

ತಟ್ಟೆ ಒರೆಸುತ್ತಿದ್ದ ನನ್ನ ಕೈ ನಿಂತಿತು. ಆ ಮಾತು ನನ್ನದು. ಹಿಂದಿನ ಬೇಸಿಗೆಯಲ್ಲಿ ನಾನು ಯಾರಿಗೋ ಬರೆದದ್ದು.

"ಎರಡನೇದೇ ಸರಿ ಕಾಣ್ತದೆ," ಎಂದರು ಅವರ ತಂದೆ ಪೂವಯ್ಯನವರು. "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತದೆ. ನಿಂಗಿಂತ ವಾಸಿ."

"ಗೊತ್ತಿಲ್ಲ ಅಂದ್ರೆ ಬಿಸಿನೆಸ್ ಆಗಲ್ಲಪ್ಪಾ. ಅದು ಜಿಎಸ್‌ಟಿ ಲೆಕ್ಕಕ್ಕೆ ಇರಲಿ. ಮೊದಲನೇದು ಇನ್‌ಸ್ಟಾದಲ್ಲಿ ಬರೆಯಕ್ಕೆ. ಗೆಸ್ಟ್ ಹತ್ರ ಮಾತಾಡಕ್ಕೆ ಮೂರನೇದು. ಸುಧಾ ಬರೆದಿದ್ದನ್ನೆಲ್ಲ ತುಂಬಿದೀನಿ, ಥೇಟ್ ಅವಳ ಥರಾನೇ ಮಾತಾಡ್ತದೆ. ಹೆಸರೂ ಸುಧಾ ಅಂತಾನೇ."

"ನನ್ನ ಹೆಸರು ಯಾಕಣ್ಣಾ?" ಎಂದೆ. ನನಗೇ ಕೇಳಿಸದಷ್ಟು ಮೆಲ್ಲಗೆ.

"ಎಲ್ಲಾರಿಗೂ ಪರಿಚಯ ಇರೋ ಹೆಸರು ಮಾರಾಯ್ತಿ. ಖುಷಿಪಡು. ನೀನಿನ್ನು ಕೋಣೆ, ಹಾಸಿಗೆ ನೋಡ್ಕೊ."

ಖುಷಿಪಡಬೇಕಂತೆ! ಆವತ್ತೇ ಫೋನು ನನ್ನ ಕೈಯಿಂದ ಹೋಯಿತು. ಹೆಸರು ಮಾತ್ರ ಅದರೊಳಗೇ ಉಳಿಯಿತು.

ಆಟಿ ಹದಿನೆಂಟರ ದಿನ ತುಮಕೂರಿನಿಂದ ಸುಲೋಚನಮ್ಮ ಎನ್ನುವವರು ಒಬ್ಬರೇ ಬಂದರು. ಮಳೆಗಾಲದ ಆಟಿ ತಿಂಗಳ ಆ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರುತ್ತದೆ ಎಂದು ಇಲ್ಲಿ ಮನೆಮನೆಯಲ್ಲೂ ಅದನ್ನು ಕುದಿಸಿ, ಆ ಕಡುನೇರಳೆ ರಸದಲ್ಲಿ ಪಾಯಸ ಮಾಡುತ್ತಾರೆ. ಅದರ ಪರಿಮಳ ಅಂಗಳದವರೆಗೂ ಬಂದಿತ್ತು. ಸುಲೋಚನಮ್ಮ ಜೀಪಿನಿಂದ ಇಳಿದವರೇ, "ಸುಧಾ ಯಾರು?" ಎಂದು ಕೇಳಿದರು. ಹಾಸಿಗೆಬಟ್ಟೆ ಹೊತ್ತು ಹೋಗುತ್ತಿದ್ದ ನನ್ನನ್ನು ಗಂಗಮ್ಮನವರು, ಎಂದರೆ ದಿಗಂತಣ್ಣನ ತಾಯಿ, ತೋರಿಸಿದರು.

ಸುಲೋಚನಮ್ಮ ಬಂದು ನನ್ನನ್ನು ತಬ್ಬಿಕೊಂಡರು.

"ನಿಮ್ ತಂದೆ ವಿಷ್ಯ ಓದಿ ಅತ್ತುಬಿಟ್ಟೆ ಕಣಮ್ಮಾ. ಏಣಿಯಿಂದ ಬಿದ್ರು, ಆಸ್ಪತ್ರೆ ದಾರೀಲಿ ನಿಮ್ ಕೈ ಹಿಡ್ಕೊಂಡೇ ಹೋದ್ರು ಅಂತ ಬರೆದ್ರಲ್ಲ. ನಮ್ ಯಜಮಾನ್ರು ಹೋದ್ಮೇಲೆ ನಾನು ಯಾರತ್ರಾನೂ ಅಷ್ಟು ಮನಸ್ಸು ಬಿಚ್ಚಿ ಮಾತಾಡಿರ್ಲಿಲ್ಲ. ನೀವು ಬಾ ಅಂದ್ರಿ ಅಂತಾನೇ ಬಂದಿದ್ದು."

ಅಪ್ಪನ ಆ ಮಾತನ್ನು ನಾನು ಬರೆದದ್ದು ಒಂದೇ ಸಲ, ಮಗನನ್ನು ಕಳೆದುಕೊಂಡಿದ್ದ ಹುಬ್ಬಳ್ಳಿಯ ಒಬ್ಬ ತಾಯಿಗೆ.

ಅವರನ್ನು ಕೋಣೆಗೆ ಬಿಟ್ಟು ನೇರ ದಿಗಂತಣ್ಣನ ಹತ್ತಿರ ಹೋದೆ. ಅವರು ಫೋನು ತೆರೆದು ತೋರಿಸಿದರು. ಅಪ್ಪ ಸತ್ತದ್ದು ಅಲ್ಲಿತ್ತು, ನನ್ನದೇ ಅಕ್ಷರಗಳಲ್ಲಿ. ಕೆಳಗೇ, 'ಮನಸ್ಸು ಹಗುರಾಗಲು ನಮ್ಮ ಎರಡು ರಾತ್ರಿಯ ಮಳೆಗಾಲದ ಪ್ಯಾಕೇಜ್ ತೆಗೆದುಕೊಳ್ಳಿ ಅಮ್ಮಾ. ಇಂತಿ, ಸುಧಾ.'

"ಇದು ತಪ್ಪು," ಎಂದೆ.

"ಏನು ತಪ್ಪು? ಸುಳ್ಳು ಹೇಳಿಲ್ವಲ್ಲ. ಪಾಪ, ಅವರಿಗೂ ಸಮಾಧಾನ ಆಗ್ತದೆ, ನಮಗೂ ರೂಮ್ ಹೋಗ್ತದೆ."

"ಹೆಸರು ತೆಗೀರಿ ಅಣ್ಣಾ."

"ಈಗ ಬೇಡ. ನೀನೊಂದು ಕೆಲಸ ಮಾಡು, ಅವರು ಇರೋತನಕ ಮುಂದೆ ಬರಬೇಡ. ನೀನೊಂದು ಹೇಳೋದು, ಅದೊಂದು ಹೇಳೋದು ಆದ್ರೆ ಗೆಸ್ಟ್‌ಗೆ ಕನ್‌ಫ್ಯೂಸ್."

ಯಂತ್ರದ ಮಾತಿಗೆ ನಾನು ಅಡ್ಡ ಬರಬಾರದು ಎಂದು ನನ್ನನ್ನೇ ಒಳಗಿಟ್ಟರು. ಸಿಟ್ಟಿಗೆ ಕಣ್ಣು ಉರಿಯಿತು. ಹಿಂದಿನ ಬಾಗಿಲ ಹತ್ತಿರ ಕೂತು ಪಾತ್ರೆ ಉಜ್ಜಿದೆ. ಪಾಯಸ ಬಡಿಸಿದ್ದು ದಿಗಂತಣ್ಣ. ಸುಲೋಚನಮ್ಮ ಎರಡು ಸಲ ಹಾಕಿಸಿಕೊಂಡರೆಂದು ಗಂಗಮ್ಮನವರು ಬಂದು ಹೇಳಿದರು.

ಮದ್ದುಸೊಪ್ಪು ತಿಂದ ಮಾರನೆಯ ದಿನ ಮೂತ್ರ ಕೆಂಪಗೆ ಹೋಗುತ್ತದೆ. ಕೊಡಗಿನ ಈ ಭಾಗದಲ್ಲಿ ಚಿಕ್ಕ ಮಕ್ಕಳಿಗೂ ಇದು ಗೊತ್ತು. ಕೆಂಪಾದರೆ ಮದ್ದು ಹಿಡಿಯಿತು ಎಂದು ನಗುತ್ತಾರೆ. ಅದಕ್ಕೇ ಯಾರೂ ಯಾರಿಗೂ ಹೇಳುವುದಿಲ್ಲ. ನಮ್ಮ ಊರ ಕಡೆ ಈ ಪದ್ಧತಿ ಇಲ್ಲ; ನಾನು ಬಂದ ಮೊದಲ ವರ್ಷ ನನಗೂ ಯಾರೂ ಹೇಳದೆ, ನಾನು ಸತ್ತೇ ಹೋಗುತ್ತೇನೆ ಎಂದು ಬಚ್ಚಲಲ್ಲಿ ಅತ್ತಿದ್ದೆ. ಅಂದಿನಿಂದ ಪಾಯಸ ಬಡಿಸುವಾಗ ಹೆಂಗಸರ ಕಿವಿಯಲ್ಲಿ ಮೆಲ್ಲಗೆ ಹೇಳುತ್ತಿದ್ದೆ. ಅಂಥದ್ದನ್ನು ಫೋನಿನಲ್ಲಿ ಬರೆಯಲು ನಾಚಿಕೆ. ಬರೆಯದ್ದು ಯಂತ್ರಕ್ಕೆ ಸಿಗಲಿಲ್ಲ.

ಬೆಳಿಗ್ಗೆ ನಾನು ಅಕ್ಕಿರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಸುಲೋಚನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಭುಜದಲ್ಲಿ ಬ್ಯಾಗು, ಮುಖದಲ್ಲಿ ರಕ್ತವಿಲ್ಲ, ಕೈಯಲ್ಲಿ ಮೊಬೈಲು.

"ಏನಮ್ಮಾ ಸುಧಾ, ಇಲ್ಲಿ ರೊಟ್ಟಿ ಮಾಡ್ತಾ ನಿಂತಿದೀರಾ? ರಕ್ತ ಹೋಗ್ತಿದೆ ಅಂದ್ರೆ, ಕಿಡ್ನಿಗೆ ಏಟಾಗಿರಬಹುದು, ರಾತ್ರಿ ಊಟ ಕೆಟ್ಟಿರಬಹುದು, ಕ್ಷಮಿಸಿ, ತಕ್ಷಣ ಆಸ್ಪತ್ರೆಗೆ ಹೋಗಿ ಅಂತ ಬರೀತೀರಿ. ಎದ್ದು ಬಂದು ಜೊತೆಗೆ ಬರ್ತೀನಿ ಅನ್ನಬಾರದಾ?"

ಒಲೆಯ ಮುಂದಿದ್ದ ಗಂಗಮ್ಮನವರು ತಿರುಗಿದರು. "ಎಂಥ ಆಯ್ತು?"

ಆಗಲೇ ಸುಲೋಚನಮ್ಮನ ಮೊಬೈಲು ಟಿಣ್ ಎಂದಿತು. ಅವರು ಪರದೆ ನೋಡಿದರು. ಅಕ್ಕಿಹಿಟ್ಟು ಮೊಣಕೈವರೆಗೂ ಮೆತ್ತಿದ್ದ ನನ್ನ ಕೈಗಳನ್ನು ನೋಡಿದರು. ಮತ್ತೆ ಪರದೆ ನೋಡಿ ನಿಧಾನವಾಗಿ ಓದಿದರು: "'ಧೈರ್ಯವಾಗಿರಿ ಅಮ್ಮಾ. ನಾನು ದೇವರ ಮುಂದೆ ದೀಪ ಹಚ್ಚಿ ನಿಮಗಾಗಿ ಕೂತಿದ್ದೇನೆ. ಸುಧಾ.'"

"ಯಾರಿದು?" ಎಂದರು.

"ನಾನಲ್ಲ," ಎಂದೆ. ಅದೆಲ್ಲಿತ್ತೋ, ದನಿ ದೊಡ್ಡದಾಗಿಯೇ ಬಂತು. "ಅದು ಮೆಷಿನ್ನು. ನೀವು ಬರೋ ಮುಂಚೆಯಿಂದಾನೂ ಅದೇ ಬರೆದಿದ್ದು. ನನ್ನಪ್ಪ ಸತ್ತಿದ್ದು ನಿಜ, ಆದ್ರೆ ನಿಮಗೆ ಹೇಳಿದ್ದು ನಾನಲ್ಲ. ಊಟ ಕೆಟ್ಟಿಲ್ಲ ಅಮ್ಮಾ, ರಕ್ತಾನೂ ಅಲ್ಲ. ಪಾಯಸದ ಸೊಪ್ಪಿನ ಬಣ್ಣ ಅದು."

"ಅಯ್ಯೋ ದೇವರೇ, ಹೇಳಿಲ್ವಾ ನಿಮಗೆ?" ಎಂದು ಗಂಗಮ್ಮನವರು ಹಣೆ ಚಚ್ಚಿಕೊಂಡರು. "ನಮಗೆಲ್ಲಾರಿಗೂ ಹಂಗೇ ಅಕ್ಕಾ ಇವತ್ತು. ಸಂಜೆಗೆ ಸರಿ ಆಗ್ತದೆ."

ಸುಲೋಚನಮ್ಮ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಸಿದರು. ಅವರ ಮುಖಕ್ಕೆ ಬಣ್ಣ ಬಂತು. ಆದರೆ ಅದು ನೆಮ್ಮದಿಯ ಬಣ್ಣವಾಗಿರಲಿಲ್ಲ.

"ಮೆಷಿನ್ನಾ? ನಮ್ ಯಜಮಾನ್ರ ಕೊನೇ ದಿನಗಳನ್ನೆಲ್ಲ ನಾನು ಹೇಳ್ಕೊಂಡಿದ್ದು ಮೆಷಿನ್ನಿಗಾ? ನಾಚಿಕೆ ಆಗಲ್ವಾ ನಿಮಗೆ?"

ಅಷ್ಟರಲ್ಲಿ ದಿಗಂತಣ್ಣ ಓಡಿ ಬಂದರು. "ಮೇಡಂ, ಸಾರಿ ಮೇಡಂ, ಸೆಟ್ಟಿಂಗ್ ಪ್ರಾಬ್ಲಂ. ಸುಧಾ, ಮೇಡಂಗೆ ಸ್ವಲ್ಪ ಸಮಾಧಾನ ಹೇಳು."

ಸಮಾಧಾನಕ್ಕೆ ಈಗ ನಾನು ಬೇಕಾದೆ.

"ನನ್ನ ಹೆಸರು ತೆಗೀರಿ," ಎಂದೆ.

"ಆಮೇಲೆ ನೋಡಣ."

"ಈಗ. ಇವರ ಮುಂದೆ. ಹೆಸರು ಬೇಕೇ ಬೇಕು ಅಂದ್ರೆ ನಿಮ್ಮದು ಹಾಕಿ."

"ನನ್ನದಾ?" ದಿಗಂತಣ್ಣ ತಡವರಿಸಿದರು. "ಅದು ಏನೋ ಒಂದು ಬರೆದ್ರೆ, ಜನ ನನ್ನ ಹಿಡ್ಕೊಳ್ತಾರೆ ಮಾರಾಯ್ತಿ."

ಹಿಂದಿನಿಂದ ಬಂದು ನಿಂತಿದ್ದ ಪೂವಯ್ಯನವರು ಮುಂದೆ ಬಂದರು.

"ಹಾಕು ಮಗಾ, ದಿಗಂತ್ ಅಂತಾನೇ ಹಾಕು. ನಾ ಸತ್ತ ಮೇಲೆ ಅದನ್ನೂ ಈ ಮೆಷಿನ್ನಿಗೆ ಬರೆದು ಕೊಡು, ರೂಮ್ ಹೋಗ್ಲಿ."

ದಿಗಂತಣ್ಣನ ಕಿವಿ ಕೆಂಪಾಯಿತು. ಫೋನು ತೆಗೆದು ಏನೇನೋ ಒತ್ತಿದರು. ಹೆಸರು ಹೋಯಿತು ಎಂದು ತೋರಿಸಿದರು.

"ನನ್ನಪ್ಪನ ವಿಷಯ?"

"ಅದು ಹಂಗೆ ಒಂದೇ ವಿಷಯ ತೆಗಿಯಕ್ಕೆ ನಂಗೆ ಬರಲ್ಲ ಸುಧಾ. ಎಲ್ಲ ಕಲಸಿ ತುಂಬಿದೀನಿ."

"ಹಾಗಾದ್ರೆ ಎಲ್ಲಾನೂ ತೆಗೀರಿ."

ನಾನು ಅಲ್ಲೇ ನಿಂತೆ. ಸುಲೋಚನಮ್ಮ ಎದ್ದು ಬಂದು ನನ್ನ ಪಕ್ಕ ನಿಂತರು. ದಿಗಂತಣ್ಣ ನಮ್ಮಿಬ್ಬರನ್ನೂ ನೋಡಿ, ಕೊನೆಗೆ ಅಳಿಸಿದರು. ಹೋದದ್ದು ನನ್ನ ಮಾತುಗಳು. ಆದರೂ ಅವರಿಗೆ ನಷ್ಟವಾದ ಮುಖ.

ದಿಗಂತಣ್ಣನ ಕೈಯಲ್ಲಿದ್ದ ಫೋನು ಟಿಣ್ ಎಂದಿತು. ಅವರು ಓದಿ, ಅಭ್ಯಾಸಬಲದಿಂದ ನನ್ನ ಕಡೆ ಚಾಚಿದರು. "ಶ್ರೀಮಂಗಲದ ಕಡೆ ರಸ್ತೆ ಹೆಂಗಿದೆ, ಮರ ಬಿದ್ದಿದೆಯಾ ಅಂತ ಕೇಳ್ತಿದಾರೆ. ಏನು ಬರೀಲಿ?"

"ನನ್ನ ಕೈಯಲ್ಲಿ ಹಿಟ್ಟಿದೆ," ಎಂದೆ.

ದಿಗಂತಣ್ಣ ಹೆಬ್ಬೆರಳು ಎತ್ತಿ ಹಾಗೇ ನಿಂತರು. ಎಷ್ಟೋ ಹೊತ್ತಿನ ಮೇಲೆ ಒಂದೊಂದೇ ಅಕ್ಷರ ಒತ್ತಿದರು. ನಾನು ಬಗ್ಗಿ ನೋಡಿದೆ: 'ಗೊತ್ತಿಲ್ಲ. ಕೇಳಿ ಹೇಳುತ್ತೇನೆ. ದಿಗಂತ್.'

ನಾನು ರೊಟ್ಟಿ ತಟ್ಟಿ ಕಾವಲಿಗೆ ಹಾಕಿದೆ. ಮೊದಲನೆಯದು ಸುಲೋಚನಮ್ಮನಿಗೆ.