ಹತ್ತನೆಯ ಚೌಕದ ಸಹಿ

"ಸಹಿ ಎಲ್ಲಿ ಹಾಕ್ಬೇಕಮ್ಮ?" ಎಂದು ಕೇಳಿದ ವಯಸ್ಸಾದ ವೇಟರ್, ಅವಳು ಕೊಟ್ಟ ಹಳದಿ ಕಾರ್ಡನ್ನು ಕಣ್ಣಿಗೆ ಹತ್ತಿರ ತಂದುಕೊಂಡರು.

ಅವಳು ಎಂಟನೆಯ ಚೌಕದ ಮೇಲೆ ಬೆರಳಿಟ್ಟು ತೋರಿಸಿದಳು. 'ದೊಡ್ಡ ಹೋಟೆಲಿನಲ್ಲಿ ಒಬ್ಬಳೇ ಕೂತು, ಅವಸರವಿಲ್ಲದೆ ಊಟ ಮಾಡುವುದು' ಎಂದು ಅಲ್ಲಿ ಬರೆದಿತ್ತು. ವೇಟರ್ ಅದನ್ನು ಓದಿ, ಖಾಲಿಯಾದ ಸೂಪಿನ ಬಟ್ಟಲನ್ನೂ ಮುಳ್ಳಿನ ಹೊರತು ಏನೂ ಉಳಿಯದ ಮೀನಿನ ತಟ್ಟೆಯನ್ನೂ ಒಮ್ಮೆ ನೋಡಿದರು.

"ಒಂದೂಕಾಲು ಗಂಟೆ ಕೂತಿದ್ರಿ. ಅವಸರ ಮಾಡ್ಲಿಲ್ಲ ಅನ್ನೋದಕ್ಕೆ ನಾನೇ ಸಾಕ್ಷಿ," ಎಂದು ದಸ್ತಾವೇಜಿಗೆ ರುಜು ಮಾಡುವವರ ಗಾಂಭೀರ್ಯದಲ್ಲಿ ಸಹಿ ಹಾಕಿದರು.

ಆ ಕಾರ್ಡು ಅವಳು ಇಪ್ಪತ್ತೊಂದು ವರ್ಷದಿಂದ ಪಾಠ ಹೇಳುತ್ತಿದ್ದ ಡ್ರೈವಿಂಗ್ ಸ್ಕೂಲಿನದು. ಕಲಿಯಲು ಬಂದವರಿಗೆಲ್ಲ ಒಂದೊಂದು ಕಾರ್ಡು. ಕ್ಲಚ್ಚು, ಗೇರು, ತಿರುವು, ರಿವರ್ಸು, ಏರಿನಲ್ಲಿ ನಿಲ್ಲಿಸಿ ಹೊರಡುವುದು ಎಂದು ಕಾರ್ಡಿಗೆ ಹತ್ತು ಚೌಕ. ಸತತವಾಗಿ ಮೂರು ಸಲ, ಪಕ್ಕದ ಸೀಟಿನಲ್ಲಿ ಕೂತ ತನ್ನ ಕಾಲು, ಕಲಿಸುವವರಿಗೆಂದೇ ಇರುವ ಎರಡನೇ ಬ್ರೇಕನ್ನು ಮುಟ್ಟದ ಹಾಗೆ ಓಡಿಸಿದರೆ ಮಾತ್ರ ಅವಳು ಒಂದು ಚೌಕಕ್ಕೆ ಸಹಿ ಹಾಕುತ್ತಿದ್ದಳು. ಕಲಿಯುವವರು ತಮ್ಮ ಚೌಕಕ್ಕೆ ತಾವೇ ಸಹಿ ಹಾಕುವಂತಿರಲಿಲ್ಲ. ಎರಡೂ ಅವಳೇ ಮಾಡಿದ ನಿಯಮ. ಊರಿನಲ್ಲಿ ಅವಳಿಗೆ 'ಬ್ರೇಕ್ ಮೇಡಂ' ಎಂದೇ ಹೆಸರು.

ಎರಡು ತಿಂಗಳ ಹಿಂದೆ, ತಮ್ಮ ಕೊನೆಯ ಚೌಕ ಮುಗಿಸಿದ ಅರುವತ್ತರ ಹತ್ತಿರದ ಕಂಪೌಂಡರೊಬ್ಬರು ಜೇಬಿನಿಂದ ಒಂದು ಚೀಟಿ ತೆಗೆದಿದ್ದರು. ಸಾಯುವುದರೊಳಗೆ ಮಾಡಬೇಕಾದ ಕೆಲಸಗಳ ಪಟ್ಟಿ ಅಂತೆ. ನಾಲ್ಕನೆಯದು ಕಾರು ಕಲಿಯುವುದು. ಅದರ ಮೇಲೆ ಅವರು ಸಂತೋಷದಿಂದ ಗೀಟೆಳೆದುಕೊಂಡಿದ್ದು ಅವಳಿಗೆ ಸರಿಬರಲಿಲ್ಲ. ತಮ್ಮ ಪರೀಕ್ಷೆಗೆ ತಾವೇ ಮಾರ್ಕು ಹಾಕಿಕೊಂಡರೆ ಫೇಲಾಗುವವರು ಯಾರು? ಆದರೆ ಆ ಮಧ್ಯಾಹ್ನ ಎರಡು ಪಾಠಗಳ ನಡುವೆ, ಕಾರಿನಲ್ಲೇ ಕೂತು ಫ್ಲಾಸ್ಕಿನ ಚಹಾ ಕುಡಿಯುವಾಗ ಅವಳ ಕೈ ಒಂದು ಖಾಲಿ ಕಾರ್ಡನ್ನು ಹೊರಗೆಳೆಯಿತು. ಆ ವರ್ಷ ಅವಳಿಗೆ ಐವತ್ತು ತುಂಬುವುದಿತ್ತು. ಚಹಾ ಆರುವುದರೊಳಗೆ ಒಂಬತ್ತು ಚೌಕ ತುಂಬಿದವು. ಇಷ್ಟೆಲ್ಲ ಒಳಗೆ ಸಾಲುಗಟ್ಟಿ ನಿಂತಿದ್ದು ಗೊತ್ತೇ ಇರಲಿಲ್ಲವಲ್ಲ ಎಂದು ಅವಳಿಗೇ ಆಶ್ಚರ್ಯ. ಹತ್ತನೆಯದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಬರೆದಾಗ ಅಕ್ಷರಗಳು ಸಣ್ಣವಾದವು.

ಒಮ್ಮೆ ಹಿಡಿದ ಕೆಲಸ ಬಿಡುವವಳಲ್ಲ ಅವಳು. ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡು, ಕತ್ತರಿಸಿದವಳಿಂದಲೇ ಸಹಿ ಹಾಕಿಸಿಕೊಂಡಳು. ಏಳು ವರ್ಷದಿಂದ ಲವಂಗ ಇಟ್ಟು ಸಾಕಿದ್ದ ಹುಳುಕು ದವಡೆಹಲ್ಲನ್ನು ಕೀಳಿಸಿದಳು. ದಂತವೈದ್ಯರು ಸಹಿಯ ಜೊತೆಗೆ ಮೊಹರನ್ನೂ ಒತ್ತಿಕೊಟ್ಟರು. ಇನ್ನು ಮೇಲೆ ಭಾನುವಾರ ಪಾಠ ಮಾಡುವುದಿಲ್ಲ ಎಂದಾಗ ಸ್ಕೂಲಿನ ಯಜಮಾನರು ಗೊಣಗುತ್ತಲೇ ರುಜು ಹಾಕಿದರು. 'ಅಡುಗೆಮನೆ ವಿಷಯದಲ್ಲಿ ಒಂದು ಸಲವಾದರೂ ಅತ್ತೆಯ ಜೊತೆ ವಾದ ಮಾಡಿ ಗೆಲ್ಲುವುದು' ಎಂಬ ಆರನೆಯ ಚೌಕಕ್ಕೆ ಅತ್ತೆ ಮೂರು ದಿನ ಸತಾಯಿಸಿ, "ಸಹಿ ಮಾತ್ರ ಹಾಕ್ತೀನಿ, ಸೋತೆ ಅಂತ ಬರೆದುಕೊಡಲ್ಲ" ಎಂದಿದ್ದರು. ಹೋಟೆಲಿನ ಊಟವಾದ ವಾರಕ್ಕೇ ಒಂಬತ್ತನೆಯದೂ ಮುಗಿಯಿತು. ಈಜುಕೊಳದ ಕಾವಲುಗಾರನ ಸಹಿ ನೀರು ಬಿದ್ದು ಕೊಂಚ ಹರಡಿತ್ತು, ಅಷ್ಟೆ.

ಉಳಿದದ್ದು ಹತ್ತನೆಯದು: 'ಮಗಳು ಕಾರು ಓಡಿಸುವಾಗ ಪಕ್ಕದಲ್ಲಿ ಕೂತು ಬ್ರೇಕ್ ಮುಟ್ಟದೇ ಇರುವುದು.'

ಐದು ವರ್ಷದ ಹಿಂದೆ, ಮಗಳಿಗೆ ಹತ್ತೊಂಬತ್ತಾಗಿದ್ದಾಗ, ಅವಳೇ ಕಲಿಸಲು ಹೊರಟಿದ್ದಳು. ನೀರಿನ ಟ್ಯಾಂಕಿನ ಏರಿನಲ್ಲಿ ಒಂದು ಬೆಳಗ್ಗೆ ಮಗಳ ಲೆಕ್ಕ ಎಲ್ಲ ಸರಿಯಾಗಿತ್ತು. ಕ್ಲಚ್ಚು ಹಿಡಿದಿತ್ತು, ಕಾರು ಇನ್ನೇನು ಹೊರಡಬೇಕು, ಅಷ್ಟರಲ್ಲಿ ಅಮ್ಮನ ಕಾಲು ಬ್ರೇಕ್ ಒತ್ತಿಬಿಟ್ಟಿತು. ಎಂಜಿನ್ ಕೆಮ್ಮಿ ನಿಂತಿತು. ಹಿಂದಿನವರು ಹಾರ್ನು ಹೊಡೆದರು; ಒಬ್ಬ ಕಿಟಕಿಯಿಂದ ತಲೆ ಹೊರಹಾಕಿ ನಕ್ಕ. ಮಗಳು ಕೀಲಿ ತೆಗೆದು ಅಮ್ಮನ ಮಡಿಲಿಗಿಟ್ಟು, ಬಾಗಿಲನ್ನೂ ಹಾಕದೆ ಇಳಿದು, ಮನೆಗೆ ನಡೆದುಹೋದಳು. ತಾನು ಬೈದಿದ್ದರೆ ಕ್ಷಮೆ ಕೇಳಬಹುದಿತ್ತು. ಕಾಲು ಮಾಡಿದ ತಪ್ಪಿಗೆ ಬಾಯಿ ಏನು ಹೇಳಬೇಕು ಎಂದು ಅವಳಿಗೆ ತಿಳಿಯಲಿಲ್ಲ. ಸಾವಿರಕ್ಕೂ ಹೆಚ್ಚು ಜನರಿಗೆ ಕಲಿಸಿದವಳಿಂದ ಮಗಳಿಗೆ ಕಲಿಸಲಾಗಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಅತ್ತೆ ಆಗಾಗ ಹೇಳುತ್ತಿದ್ದರು, ಸಮಾಧಾನಕ್ಕೋ ಚುಚ್ಚುವುದಕ್ಕೋ.

ಈಗ ಮಗಳು ಫಿಸಿಯೋಥೆರಪಿಸ್ಟ್. ರೋಗಿಗಳ ಮನೆಗೇ ಹೋಗಿ ಕೈಕಾಲು ಆಡಿಸುವ ಹೊಸ ಕೆಲಸ ಸಿಕ್ಕಿತ್ತು. ಆದರೆ ತಿಂಗಳೊಳಗೆ ಲೈಸೆನ್ಸ್ ತೋರಿಸಬೇಕು. ಅವಳು ಅಮ್ಮನನ್ನು ಕೇಳಲಿಲ್ಲ. ಒಂದು ಬೆಳಗ್ಗೆ ಸಿಗ್ನಲ್ಲಿನಲ್ಲಿ ತಮ್ಮ ಸ್ಕೂಲಿಗೆ ಎದುರಿದ್ದ ಇನ್ನೊಂದು ಡ್ರೈವಿಂಗ್ ಸ್ಕೂಲಿನ ಕಾರು ಪಕ್ಕಕ್ಕೆ ಬಂದು ನಿಂತಾಗ ಸ್ಟೇರಿಂಗ್ ಹಿಂದೆ ಮಗಳೇ ಕೂತಿದ್ದಳು. ಇಬ್ಬರೂ ಕೆಂಪು ದೀಪವನ್ನೇ ನೋಡಿದರು. ಮನೆಯಲ್ಲಿ ಇಬ್ಬರೂ ಆ ಮಾತು ಎತ್ತಲಿಲ್ಲ.

ಎತ್ತಿದ್ದು ಎದುರು ಸ್ಕೂಲಿನ ಮೇಷ್ಟ್ರು, ಚಹಾದಂಗಡಿಯ ಮುಂದೆ. ಬುಧವಾರ ಪರೀಕ್ಷೆ, ಬುದ್ಧಿವಂತೆ, ಆದರೆ ಇಲ್ಲಿಯವರೆಗೆ ಏರು ಒಂದು ಸಲವೂ ದಾಟಿಲ್ಲ ಎಂದರು. ಆಮೇಲೆ ಲೋಟ ಕೆಳಗಿಟ್ಟು ದನಿ ತಗ್ಗಿಸಿದರು. "ಎಲ್ಲ ಬರುತ್ತೆ ಮೇಡಂ ಅವಳಿಗೆ. ಏರು ಬಂತು ಅಂದ್ರೆ ಮಾತ್ರ ರಸ್ತೆ ನೋಡಲ್ಲ. ಪಕ್ಕದ ಸೀಟಿನವರ ಕಾಲು ನೋಡ್ತಾಳೆ."

ಅವಳು ಆ ದಿನದ ಚಹಾ ಮುಗಿಸಲಿಲ್ಲ.

ಶನಿವಾರ ಬೆಳಗ್ಗೆ ಮಗಳ ತಟ್ಟೆಯ ಪಕ್ಕ ಕಾರ್ಡನ್ನಿಟ್ಟಳು. ಮಗಳು ಒಂದೊಂದೇ ಚೌಕ ಓದುತ್ತ ಹೋದಳು; ಅಜ್ಜಿಯ ಸಹಿ ಕಂಡು ನಕ್ಕಳು. ಹತ್ತನೆಯದಕ್ಕೆ ಬಂದಾಗ ನಗು ನಿಂತಿತು.

"ಇದಕ್ಕೆ ನಾನು ಸಹಿ ಹಾಕ್ಬೇಕಾ?"

"ಇನ್ಯಾರು ಹಾಕ್ತಾರೆ?"

"ನಿನ್ನ ಕೈಲಾಗಲ್ಲ ಬಿಡಮ್ಮ. ಟೀವಿ ನೋಡುವಾಗ್ಲೂ ನೀನು ಬ್ರೇಕ್ ಒತ್ತುತ್ತೀಯ."

"ಊಟದ ಮೇಜಿನ ಕೆಳಗೆ ನನ್ನ ಕಾಲನ್ನೇ ಒತ್ತಿದ್ದಾಳೆ, ಎಷ್ಟೋ ಸಲ," ಎಂದು ಅತ್ತೆ ಒಳಗಿನಿಂದ ಸಾಕ್ಷಿ ನುಡಿದರು.

ಮಗಳು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಚಪ್ಪಲಿ ಬಿಚ್ಚಬೇಕು. ಕಾಲು ಸೀಟಿನ ಮೇಲಿರಬೇಕು, ಚಕ್ಕಂಬಕ್ಕಳ."

"ಆಯ್ತು."

"ಮಾತೂ ಆಡ್ಬಾರದು."

"ಅದು ಕಾರ್ಡಿನಲ್ಲಿಲ್ಲ."

ಮಗಳು ಕಾರ್ಡನ್ನು ಅಮ್ಮನ ಕಡೆಗೆ ವಾಪಸ್ ತಳ್ಳಿದಳು. ಅಮ್ಮ, "ಆಯ್ತು, ಆಡಲ್ಲ" ಎಂದಳು.

ಭಾನುವಾರಕ್ಕೆ ಕಾರು ಬೇಕೆಂದಾಗ ಸ್ಕೂಲಿನ ಯಜಮಾನರಿಗೆ ಮಾತು ಸಿಕ್ಕಿತು. ಭಾನುವಾರ ಪಾಠ ಇಲ್ಲ ಅಂತ ನನ್ನ ಹತ್ತಿರ ಸಹಿ ಹಾಕಿಸಿಕೊಂಡವರು ನೀವೇ ತಾನೆ ಎಂದರು. ಪಾಠವಲ್ಲ, ಪರೀಕ್ಷೆ ಎಂದಳು. ಯಾರಿಗೆ ಎಂದು ಕೇಳುವಷ್ಟರಲ್ಲಿ ಮೊಳೆಯಿಂದ ಕೀಲಿ ತೆಗೆದುಕೊಂಡು ಹೊರಟಾಗಿತ್ತು.

ಪೆಡಲ್ ಹತ್ತಿರ ಸಡಿಲ ವಸ್ತು ಇರಬಾರದೆಂದು ಚಪ್ಪಲಿಗಳನ್ನು ಹಿಂದಿನ ಸೀಟಿನ ಕೆಳಗೆ ಹಾಕಿ, ಬೆಲ್ಟು ಬಿಗಿದು, ಕಾಲು ಮಡಿಚಿ ಕೂತಳು. ಖಾಲಿ ನಿಂತ ಎರಡನೇ ಬ್ರೇಕನ್ನು ಅವಳು ಮೊದಲ ಬಾರಿಗೆ ಸರಿಯಾಗಿ ನೋಡಿದಳು. ಅದರ ರಬ್ಬರು ಒಂದು ಮಗ್ಗುಲಿಗೆ ಅವಳ ಪಾದದ ಆಕಾರಕ್ಕೇ ಸವೆದಿತ್ತು.

ಸಮತಟ್ಟು ರಸ್ತೆಯಲ್ಲಿ ಮಗಳು ಚೆನ್ನಾಗಿ ಓಡಿಸಿದಳು. ಗೇರು ಬದಲಿಸುವಾಗ ಕೊಂಚ ಒರಟು. ಹೇಳಬೇಕೆನಿಸಿದರೂ ಅವಳು ತುಟಿ ಬಿಚ್ಚಲಿಲ್ಲ. ಟ್ಯಾಂಕಿನ ಏರು ಅರ್ಧ ಹತ್ತಿದಾಗ ಮುಂದಿನ ಬಸ್ಸು ಜನ ಇಳಿಸಲು ನಿಂತಿತು. ಮಗಳೂ ನಿಲ್ಲಿಸಿದಳು. ಹಿಂದೆ, ಗಾಜಿನ ಹಾಳೆಗಳನ್ನು ನಿಲ್ಲಿಸಿ ಕಟ್ಟಿಕೊಂಡ ಒಂದು ಟೆಂಪೋ ಬಂದು ಅಂಟಿಕೊಂಡಂತೆ ನಿಂತಿತು.

ಬಸ್ಸು ಹೊರಟಿತು. ಮಗಳ ಕಣ್ಣು, ಮೇಷ್ಟ್ರು ಹೇಳಿದ್ದಂತೆಯೇ, ಪಕ್ಕದ ಸೀಟಿನ ಬುಡಕ್ಕೆ ಹೋಯಿತು. ಅಲ್ಲಿ ಕಾಲಿರಲಿಲ್ಲ. ಒಂದು ಗಳಿಗೆ ಆ ಖಾಲಿ ಜಾಗವನ್ನೇ ನೋಡಿ, ಅವಳು ರಸ್ತೆಯ ಕಡೆ ತಿರುಗಿದಳು.

ಕಾರು ಹಿಂದಕ್ಕೆ ಜಾರಿತು. ಗೇಣಷ್ಟು, ಆಮೇಲೆ ಮೊಳದಷ್ಟು. ಟೆಂಪೋದವನು ಹಾರ್ನು ಒತ್ತಿ ಹಿಡಿದ. ಅಮ್ಮ ತನ್ನ ಎರಡೂ ಕಾಲಿನ ಹೆಬ್ಬೆರಳುಗಳನ್ನು, ಓಡಿಹೋಗುವ ಕೋಳಿಗಳನ್ನು ಹಿಡಿದಂತೆ, ಕೈಯಲ್ಲಿ ಬಿಗಿಯಾಗಿ ಹಿಡಿದಳು. ಕ್ಲಚ್ಚು ಹಿಡಿಯುವಾಗ ಎಂಜಿನ್ನಿನ ದನಿ ಇಳಿಯುವ ಒಂದು ಜಾಗವಿದೆ. ಅಲ್ಲಿ 'ಈಗ' ಎಂದು ಸಾವಿರ ಸಲ ಹೇಳಿದ್ದಳು. ಅವಳ ನಾಲಿಗೆಗೆ ಆ ಮಾತು ಬರುವ ಮೊದಲೇ ಮಗಳ ಕಾಲಿಗೆ ಅದು ತಿಳಿದಿತ್ತು. ಕಾರು ಒಮ್ಮೆ ನಡುಗಿ, ನೆಲ ಕಚ್ಚಿ, ಮೇಲಕ್ಕೆ ಹೊರಟಿತು.

ಟ್ಯಾಂಕಿನ ನೆರಳಲ್ಲಿ ಮಗಳು ಕಾರನ್ನು ಬದಿಗೆ ನಿಲ್ಲಿಸಿದಳು. ಅಮ್ಮ ಕಾರ್ಡು, ಪೆನ್ನು ಚಾಚಿದಳು. ಮಗಳು ಕಾರ್ಡು ಮಾತ್ರ ತೆಗೆದುಕೊಂಡು, ಹತ್ತನೆಯ ಚೌಕವನ್ನು ಇನ್ನೊಮ್ಮೆ ಓದಿ, ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಳು.

"ಮೂರು ಸಲ. ಸತತವಾಗಿ. ರೂಲ್ಸು ನಿಂದೇ ಅಲ್ವಾ?"

"ಕಾಲು ಜೋಮು ಹಿಡಿದಿದೆ ಕಣೇ."

"ಒಳ್ಳೇದಾಯ್ತು. ಹಾಗೇ ಇರು."

ಮಗಳು ಕನ್ನಡಿ ನೋಡಿದಳು, ಇಂಡಿಕೇಟರ್ ಹಾಕಿದಳು, ಕಾರನ್ನು ತಿರುಗಿಸಿದಳು. ಇಳಿಜಾರಿನಲ್ಲಿ ಹಿಂದಿನ ಸೀಟಿನ ಕೆಳಗಿದ್ದ ಚಪ್ಪಲಿಗಳು ಜಾರಿಕೊಂಡು ಮುಂದೆ ಬಂದು ಅಮ್ಮನ ಸೀಟಿಗೆ ಮೆಲ್ಲನೆ ಬಡಿದವು. ಕೆಳಗೆ ತಿರುಗಿ ಮತ್ತೆ ಏರು ಹತ್ತತೊಡಗಿದಾಗ ಅವು ಒಂದರ ಹಿಂದೊಂದು ಹಿಂದಕ್ಕೆ ಸರಿದು, ಎಲ್ಲೋ ಮೂಲೆ ಸೇರಿ ಸುಮ್ಮನಾದವು.