ಮೂರನೇ ಕ್ಲಾಸಿನ ಎರಡು ಕೊಠಡಿ

ಭದ್ರಾವತಿಯ ಕಾರ್ಖಾನೆ ಕೆಲಸಗಾರ ಕರಿಯಣ್ಣನ ಮಗಳು ಹಾಲಮ್ಮ ಮೂರನೇ ಕ್ಲಾಸಿನಲ್ಲಿ ಎರಡನೇ ಸಲ ಫೇಲಾದಳು. 1962ರ ಬೇಸಿಗೆ ಅದು. ಸುದ್ದಿ ಕೇಳಿಕೊಂಡು ಬಂದ ತಾಯಿ ನಂಜಮ್ಮ ಬಾಗಿಲಲ್ಲೇ ಕೂತುಬಿಟ್ಟಳು. ಬೈದದ್ದಾಯಿತು, ಹೊಡೆದದ್ದಾಯಿತು, ಹರಕೆ ಹೊತ್ತದ್ದೂ ಆಯಿತು. ಇನ್ನೇನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಹೆಡ್ ಮೇಷ್ಟ್ರು ಷಡಕ್ಷರಪ್ಪನವರಿಗೆ ಅಂಥ ಗೊಂದಲ ಇರಲಿಲ್ಲ. "ಇವಳ ತಲೆಗೆ ಹತ್ತಲ್ಲ ಕಣಮ್ಮ. ಮನೆಗೆಲಸ ಕಲಿಸು," ಎಂದು ಹೇಳಿ ಕಳಿಸಿದ್ದರು. ಕೆಟ್ಟ ಮನುಷ್ಯರಲ್ಲ ಅವರು. ತಮಗೆ ಗೊತ್ತಿದ್ದ ರೀತಿಯಲ್ಲೇ ಪಾಠ ಹೇಳಿ ಎಷ್ಟೋ ಮಕ್ಕಳನ್ನು ಹೈಸ್ಕೂಲಿಗೆ ದಾಟಿಸಿದವರು. ಆ ಮಾತನ್ನು ಕರಿಯಣ್ಣ ನಂಬಿದ. ಶಿವಮೊಗ್ಗದ ರಾಗಿಗುಡ್ಡದ ಹತ್ತಿರ ಇದ್ದ ತನ್ನ ಅಕ್ಕನ ಮನೆಗೆ, ಕೂಸು ನೋಡಿಕೊಳ್ಳಲು ಹಾಲಮ್ಮನನ್ನು ಕಳಿಸುವುದೆಂದು ತೀರ್ಮಾನಿಸಿದ. ನಂಜಮ್ಮ ಜಗಳವಾಡಿ ದೀಪಾವಳಿಯವರೆಗೆ ಅವಕಾಶ ಕೇಳಿಕೊಂಡಳು.

ಆ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಎರಡು ಕೊಠಡಿ. ಒಂದರಲ್ಲಿ ಚುರುಕಾದವರು, ಇನ್ನೊಂದರಲ್ಲಿ ದಡ್ಡರು. ಬಾಗಿಲ ಮೇಲೆ ಹಾಗೆಂದು ಯಾರೂ ಬರೆದಿರಲಿಲ್ಲ, ಆದರೆ ಊರಿಗೆಲ್ಲ ಗೊತ್ತಿತ್ತು. ಅಂಗಡಿಯವರ, ಗುಮಾಸ್ತರ ಮಕ್ಕಳು ಮೊದಲನೆಯದರಲ್ಲಿ ಕೂರುತ್ತಿದ್ದರು; ಅವರಿಗೆ ಹೆಡ್ ಮೇಷ್ಟ್ರದೇ ಪಾಠ. ಕೂಲಿಯವರ ಮಕ್ಕಳು, ಮನೆಯಲ್ಲಿ ತಮಿಳು ತೆಲುಗು ಆಡುವ ಮಕ್ಕಳು ಎರಡನೆಯದರಲ್ಲಿ. ಹಾಲಮ್ಮನೂ ಅಲ್ಲೇ. ಆ ಕೊಠಡಿಗೆ ಹೊಸದಾಗಿ ಬಂದ ಟೀಚರ್ ಉಮಾಮಹೇಶ್ವರಿ. ಶಿವಮೊಗ್ಗದ ಕೋಟೆ ಭಾಗದಲ್ಲಿ ಮನೆ. ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಮಾಸ್ತರಿಕೆಯ ಟ್ರೈನಿಂಗ್ ಆಗಷ್ಟೇ ಮುಗಿಸಿದ್ದರು.

ಪಾಠವೆಂದರೆ ಒಬ್ಬರು ಹೇಳುವುದು, ಉಳಿದವರು ಒಟ್ಟಾಗಿ ಕೂಗುವುದು. ಹಾಲಮ್ಮ ಬರೀ ತುಟಿ ಆಡಿಸುತ್ತಿದ್ದಾಳೆಂದು ಉಮಾಮಹೇಶ್ವರಿಗೆ ಮೊದಲ ವಾರವೇ ಕಂಡಿತು. ಅವಳ ಹಾಗೆ ಇನ್ನೂ ಹಲವರಿದ್ದರು. ಪಕ್ಕದವರ ದನಿಯ ಹಿಂದೆ ಅವಿತು ವರ್ಷ ಕಳೆಯುತ್ತಿದ್ದರು.

ಅವರು ಹೆಡ್ ಮೇಷ್ಟ್ರ ಹತ್ತಿರ ಹೋದರು. ಹೊರದೇಶದಲ್ಲಿ ಕಲಿಕೆಯ ಬಗ್ಗೆ ಸಂಶೋಧನೆ ಮಾಡಿದವರಿದ್ದಾರೆ, ಮತ್ತೆ ಮತ್ತೆ ಓದಿದ್ದಕ್ಕಿಂತ ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡದ್ದು ಹೆಚ್ಚು ದಿನ ಉಳಿಯುತ್ತದೆಂದು ಪರೀಕ್ಷಿಸಿ ನೋಡಿದ್ದಾರೆ ಎಂದರು. ಆ ದೇಶದ ಮಕ್ಕಳು ಬೇರೆ, ಭದ್ರಾವತಿ ಮಕ್ಕಳು ಬೇರೆ ಎಂದರು ಷಡಕ್ಷರಪ್ಪ.

"ಆ ಅನುಮಾನ ಸರಿಯಾಗೇ ಇದೆ ಸಾರ್," ಎಂದರು ಉಮಾಮಹೇಶ್ವರಿ. "ಹಾಗಾದ್ರೆ ಇಲ್ಲೇ ನೋಡಿಬಿಡೋಣ."

ಚೀಟಿ ಎತ್ತಿ ಎರಡೂ ಕೊಠಡಿಯ ಮಕ್ಕಳನ್ನು ಬೆರೆಸುವುದು. ಒಂದು ಕೊಠಡಿಗೆ ಹೆಡ್ ಮೇಷ್ಟ್ರು ಎಂದಿನಂತೆ ಕಲಿಸುವುದು. ಇನ್ನೊಂದಕ್ಕೆ ಉಮಾಮಹೇಶ್ವರಿ ಅದೇ ಪಾಠ, ಅಷ್ಟೇ ಹೊತ್ತು ಕಲಿಸುವುದು. ದಸರೆ ರಜೆ ಮುಗಿದ ಮೇಲೆ, ಯಾವ ಮಗು ಯಾವ ಕೊಠಡಿಯದೆಂದು ತಿಳಿಯದ ಹೊರಗಿನವರೊಬ್ಬರು ಪರೀಕ್ಷೆ ಮಾಡುವುದು. ಗೆದ್ದ ಕ್ರಮ ಆಮೇಲೆ ಎರಡೂ ಕೊಠಡಿಗೆ. ಷಡಕ್ಷರಪ್ಪ ಒಪ್ಪಿದರು. ಸೋಲುವವರು ಯಾರೆಂದು ತಮಗೆ ಗೊತ್ತಿದೆ ಎಂಬ ಧೈರ್ಯ ಅವರಿಗೆ.

ಚೀಟಿ ಎತ್ತಿದರು. ಮಾರನೆಯ ದಿನ ಉಮಾಮಹೇಶ್ವರಿ ಬಂದು ನೋಡಿದರೆ ತಮ್ಮ ಮುಂದೆ ಕೂತಿದ್ದವರು ಅದೇ ಹಳೇ ಮಕ್ಕಳು. ಬಟ್ಟೆ ಅಂಗಡಿಯ ಕೊಟ್ರಬಸಪ್ಪ ಬಂದು, ತನ್ನ ಮಗನನ್ನು ಕೂಲಿಯವರ ಮಕ್ಕಳ ಪಕ್ಕ ಕೂರಿಸಬಾರದೆಂದು ಗಲಾಟೆ ಮಾಡಿ ಹೋಗಿದ್ದ. ಹೆಡ್ ಮೇಷ್ಟ್ರು ಚುರುಕಾದವರನ್ನೆಲ್ಲ ಸದ್ದಿಲ್ಲದೆ ತಮ್ಮ ಕೊಠಡಿಗೆ ವಾಪಸ್ ಕರೆದುಕೊಂಡಿದ್ದರು.

ಉಮಾಮಹೇಶ್ವರಿಗೆ ಸಾಕುಸಾಕಾಯಿತು. ಅಷ್ಟೆಲ್ಲ ಮಾತಾಡಿ, ಒಪ್ಪಿಸಿ, ಚೀಟಿ ಬರೆದು, ಕಡೆಗೆ ಇಷ್ಟೇ. ನಾಳೆಯಿಂದ ತಾನೂ ಎಲ್ಲರ ಹಾಗೆ ಕೂಗಿಸಿ ರೈಲು ಹತ್ತಿಬಿಡೋಣ ಎನ್ನಿಸಿತು. ಆದರೆ ಅವರು ಸ್ಟೇಷನ್ನಿಗೆ ಹೋಗಲಿಲ್ಲ. ಹೆಡ್ ಮೇಷ್ಟ್ರನ್ನೂ ಕರೆದುಕೊಂಡು ನೇರ ಕೊಟ್ರಬಸಪ್ಪನ ಅಂಗಡಿಗೆ ಹೋದರು.

"ನೀವು ಅಳತೆಯವರು. ಒಂದು ಗಜ ಕೋಲು ಗಿಡ್ಡ ಮಾಡಿ, ಇನ್ನೊಂದು ಉದ್ದ ಮಾಡಿ, ಆಮೇಲೆ ಯಾವ ಬಟ್ಟೆ ಉದ್ದ ಅಂತ ನೋಡಿದ್ರೆ ಒಪ್ತೀರಾ?"

ಕೊಟ್ರಬಸಪ್ಪ ಒಪ್ಪುವುದಿಲ್ಲ ಎಂದ.

"ಚುರುಕಾದವರನ್ನೆಲ್ಲ ಒಂದೇ ಕಡೆ ಕೂರಿಸಿ ಹೋಲಿಸೋದೂ ಹಾಗೇ. ನಿಮ್ಮ ಮಗ ನಿಜವಾಗ್ಲೂ ಕಲೀತಿದಾನಾ, ಬರೀ ಕೂಗ್ತಿದಾನಾ, ನಿಮಗೆ ಗೊತ್ತಾ? ನನಗೂ ಗೊತ್ತಿಲ್ಲ. ಸರಿಯಾಗಿ ಅಳೆಯೋಕೆ ಬಿಡಿ."

ಆತ ಗಜ ಕೋಲನ್ನು ಕೆಳಗಿಟ್ಟು, ದಸರೆ ಕಳೆಯುವವರೆಗೆ ಮಾತ್ರ ಎಂದ. ಈ ಸಲ ಚೀಟಿಯನ್ನು ತಂದೆತಾಯಂದಿರ ಎದುರಿಗೇ ಎತ್ತಿದರು. ಕೊಟ್ರಬಸಪ್ಪನ ಮಗನೂ ಹಾಲಮ್ಮನೂ ಉಮಾಮಹೇಶ್ವರಿಯ ಕೊಠಡಿಗೆ ಬಂದರು.

ಭೂಗೋಳದ ಪಾಠ ಮುಗಿದ ಕೂಡಲೇ ಅಲ್ಲಿ ಪುಸ್ತಕ ಮುಚ್ಚಬೇಕು. ನೆನಪಿದ್ದಷ್ಟನ್ನು ಪ್ರತಿಯೊಬ್ಬರೂ ಸ್ಲೇಟಿನ ಮೇಲೆ ಬರೆಯಬೇಕು. ಆಮೇಲೆ ಪುಸ್ತಕ ತೆರೆದು ತಾವೇ ತಿದ್ದಿಕೊಳ್ಳಬೇಕು. ತಪ್ಪಾದರೆ ಹೊಡೆತ ಇಲ್ಲ. ಹಾಲಮ್ಮನ ಸ್ಲೇಟು ಮೊದಮೊದಲು ಖಾಲಿ ಇರುತ್ತಿತ್ತು. ಆಮೇಲೆ ಒಂದೆರಡು ಮಾತು ಬಂದವು. ಅವಿತುಕೊಳ್ಳಲು ಅಲ್ಲಿ ಯಾರ ದನಿಯೂ ಇರಲಿಲ್ಲ. ಭಾಗಾಕಾರಕ್ಕೆ ಮಾತ್ರ ಉಮಾಮಹೇಶ್ವರಿ ಬೇರೆ ದಾರಿ ಹಿಡಿದರು. ಅವರೇ ಕೂತು ಬಣ್ಣದ ಚಿತ್ರಪಟಗಳನ್ನು ಬರೆದು ಗೋಡೆ ತುಂಬ ತೂಗುಹಾಕಿದರು. ಅವುಗಳ ಮೇಲೆ ಅವರಿಗೆ ಬಹಳ ಭರವಸೆ.

ದಸರೆ ಮುಗಿಯಿತು. ಆಯನೂರಿನ ಶಾಲೆಯ ಮೇಷ್ಟ್ರೊಬ್ಬರು ಬಂದು ಪರೀಕ್ಷೆ ಮಾಡಿ, ಉತ್ತರ ತಿದ್ದಿ ಕೊಟ್ಟರು. ಭೂಗೋಳದಲ್ಲಿ ಉಮಾಮಹೇಶ್ವರಿಯ ಮಕ್ಕಳು ಚೆನ್ನಾಗಿ ಮುಂದಿದ್ದರು. ಮೊದಲೇ ಚುರುಕಾಗಿದ್ದವರು ಸ್ವಲ್ಪ ಮುಂದೆ, ದಡ್ಡರೆನಿಸಿಕೊಂಡವರು ಬಹಳ ಮುಂದೆ. ಷಡಕ್ಷರಪ್ಪನವರಿಗೆ ನಂಬಿಕೆ ಬರಲಿಲ್ಲ. ಹಾಲಮ್ಮ ನೋಡಿ ಬರೆದಿರಬೇಕೆಂದು ಅವಳನ್ನು ಒಬ್ಬಳನ್ನೇ ಕರೆದು ನದಿಗಳ ವಿಷಯ ಕೇಳಿದರು.

"ಭದ್ರೆ ನಮ್ಮೂರಲ್ಲಿ ಹರೀತದೆ. ತುಂಗೆ ಶಿವಮೊಗ್ಗದಲ್ಲಿ. ಎರಡೂ ಕೂಡ್ಲೀಲಿ ಸೇರ್ತವೆ," ಎಂದಳು ಹುಡುಗಿ. ಹೆದರಿಕೆಯಾಗಿತ್ತು, ಆದರೆ ಹೇಳುವುದನ್ನು ನಿಲ್ಲಿಸಲಿಲ್ಲ.

ಹೆಡ್ ಮೇಷ್ಟ್ರು ಉತ್ತರದ ಹಾಳೆಗಳನ್ನು ಮತ್ತೆ ತಿರುವಿದರು. ಭಾಗಾಕಾರದಲ್ಲಿ ಎರಡೂ ಕೊಠಡಿ ಸಮಸಮ. ಅವರಿಗೆ ಒಳಗೊಳಗೇ ಸಮಾಧಾನವಾಯಿತು. "ನಿಮ್ಮ ಚಿತ್ರಪಟದ ಕಥೆ ಏನಮ್ಮ?" ಎಂದರು.

"ಕೆಲ್ಸ ಮಾಡ್ಲಿಲ್ಲ ಸಾರ್. ತೆಗೆದುಬಿಡ್ತೀನಿ. ಬೇರೆ ಏನಾದ್ರೂ ನೋಡ್ಬೇಕು."

ಹಾಗೆಂದು ಅವರು ಅಷ್ಟು ಕಷ್ಟಪಟ್ಟು ಬರೆದದ್ದನ್ನು ಒಂದೊಂದಾಗಿ ಇಳಿಸಿದರು. ಷಡಕ್ಷರಪ್ಪ ನೋಡುತ್ತ ನಿಂತರು. ತನ್ನದೇ ಸರಿ ಎಂದು ಸಾಧಿಸಲು ಬಂದವಳು ಎಂದುಕೊಂಡಿದ್ದರು ಅವರು. ತಪ್ಪಾದದ್ದನ್ನು ಹೀಗೆ ತೆಗೆದುಹಾಕುವವರು, ಸರಿ ಎಂದದ್ದನ್ನು ಸುಮ್ಮನೆ ಹೇಳಿರಲಾರರು ಎಂದು ಆಗ ಅನ್ನಿಸಿತು. ಇನ್ನು ಮೇಲೆ ಮಕ್ಕಳನ್ನು ಬೇರೆ ಮಾಡುವುದು ಬೇಡ, ಪುಸ್ತಕ ಮುಚ್ಚಿ ಬರೆಯುವುದು ಎರಡೂ ಕೊಠಡಿಯಲ್ಲಿ ನಡೆಯಲಿ ಎಂದರು. ಕೊಟ್ರಬಸಪ್ಪನೂ ಮಗನನ್ನು ಬಿಡಿಸಲು ಬರಲಿಲ್ಲ. ಮಗ ಮನೆಯಲ್ಲಿ ಊಟಕ್ಕೆ ಕೂತಾಗಲೂ ನದಿಗಳ ಹೆಸರು ಹೇಳುತ್ತಿದ್ದನಂತೆ.

ಅಂದು ಸಂಜೆ ಷಡಕ್ಷರಪ್ಪ ತಾವೇ ಕರಿಯಣ್ಣನ ಮನೆಗೆ ನಡೆದರು. ದೀಪಾವಳಿ ಹತ್ತಿರ ಬಂದಿತ್ತು, ಅತ್ತೆಯ ಮನೆಗೆ ಹೋಗಲು ಹಾಲಮ್ಮನ ಬಟ್ಟೆಗಂಟು ಆಗಲೇ ಸಿದ್ಧವಾಗಿತ್ತು. ಹುಡುಗಿಯಲ್ಲಿ ಕೊರತೆ ಇರಲಿಲ್ಲ, ನಾವು ಕಲಿಸಿದ ರೀತಿಯಲ್ಲಿ ಇತ್ತು ಎಂದು ಅವರು ಕರಿಯಣ್ಣನಿಗೆ ಹೇಳಿದರು. ಕರಿಯಣ್ಣ ಗಂಟು ಬಿಚ್ಚುವಂತೆ ಮಗಳಿಗೆ ಹೇಳಿದ.

ನಂಜಮ್ಮ ಮಾತ್ರ ಮೇಷ್ಟ್ರ ಕಡೆಗೆ ತಿರುಗಿದಳು.

"ಎರಡು ವರ್ಷ ನಿಮ್ಮ ಮಾತು ನಂಬಿ ಈ ಮಗೂಗೆ ಹೊಡೆದೆ. ಒಂದ್ಸಲ ನೋಡಿ ಹೇಳೋಕೆ ಏನಾಗಿತ್ತು ನಿಮಗೆ?"

ಷಡಕ್ಷರಪ್ಪ ತಲೆ ತಗ್ಗಿಸಿ ನಿಂತರು.

ತಾಯಂದಿರೇ, ತಂದೆಯರೇ, ನಿಮ್ಮ ಮಗು ದಡ್ಡ ಎಂದು ಯಾರಾದರೂ ಹೇಳಿದರೆ ಮಗುವನ್ನು ಬೈಯುವ ಮೊದಲು ಹೇಳಿದವರನ್ನು ಕೇಳಿ. ಹೇಗೆ ಗೊತ್ತಾಯಿತು? ಬೇರೆ ರೀತಿಯಲ್ಲಿ ಕಲಿಸಿ ನೋಡಿದಿರಾ? ಕೇಳುವುದು ಅಗೌರವವಲ್ಲ. ಮೇಷ್ಟ್ರುಗಳೇ, ಒಂದು ಶಾಲೆಯಲ್ಲಿ ನಡೆದದ್ದು ಎಲ್ಲ ಕಡೆ ಹಾಗೇ ನಡೆಯಲಾರದು. ಅದಕ್ಕೇ ನಿಮ್ಮ ಶಾಲೆಯಲ್ಲೂ ನೋಡಬೇಕು. ಸಂಶೋಧನೆ ಮಾಡಿದವರು ಏನು ಕಂಡರೆಂದು ಓದಿ, ನ್ಯಾಯವಾಗಿ ಹೋಲಿಸಿ, ಕೆಲಸ ಮಾಡದ್ದನ್ನು ಬಿಡಿ. ಹಿಂದಿನ ಸಾಲಿನ ಮಗುವಿಗೆ ಅದು ಉಪಯೋಗವಾಯಿತೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಿ. ಇಷ್ಟು ಮಾಡದೆ ಯಾವ ಮಗುವನ್ನೂ ಶಾಲೆಯಿಂದ ಮನೆಗೆ ಕಳಿಸಬೇಡಿ.