ಇನ್ನೂ ಬಂದಿಲ್ಲ

ಶವಪೆಟ್ಟಿಗೆಯಿಂದ ಹೊರಗೆ ಇಳಿಬಿದ್ದಿದ್ದ ಸೆರಗನ್ನು ಒಳಗೆ ಸೇರಿಸಿ, ನೀರಜಾ ಗೆಳತಿ ಸುಲೋಚನಾಳ ಹಣೆಗೆ ಕುಂಕುಮವಿಟ್ಟಳು. ತಣ್ಣಗಿನ ಹಣೆಗೆ ಅದು ಹತ್ತದೆ ಉದುರಿತು. ಬೆರಳು ಒದ್ದೆ ಮಾಡಿಕೊಂಡು ಮತ್ತೆ ಇಟ್ಟಳು.

"ಪ್ರಹ್ಲಾದ, ಪುರೋಹಿತರು ಸ್ಟಾಕ್‌ಹೋಮಿಂದ ಬರಕ್ಕಾಗಲ್ವಂತೆ. ಕೊನೇಲಿ ನೀವೇ ಒಂದು ದೇವರನಾಮ ಹೇಳ್ಬಿಡಿ. ಗಂಟಲು ಸರಿಯಿಲ್ಲ ಅನ್ಬೇಡಿ, ಪ್ಲೀಸ್. ನಮ್ಮಲ್ಲಿ ಸಂಗೀತ ಬರೋದು ನಿಮಗೊಬ್ರಿಗೇ."

ಪೆಟ್ಟಿಗೆಯಲ್ಲಿದ್ದ ಹೆಂಡತಿಯ ಮುಖವನ್ನೇ ನೋಡುತ್ತಿದ್ದ ಪ್ರಹ್ಲಾದ ತಲೆಯಾಡಿಸಿದ. ಡಾಗಿಸ್‌ನಲ್ಲಿ, ಅಂದರೆ ತಾನು ಕೆಲಸ ಮಾಡುತ್ತಿದ್ದ ಶಿಶುವಿಹಾರದಲ್ಲಿ, ಮಕ್ಕಳಿಗೆ ಜಾಕೆಟ್ ಹಾಕಿಸುತ್ತಿದ್ದವಳು ತಲೆ ಹಿಡಿದುಕೊಂಡು ಕೂತಿದ್ದಳು. ಸಂಜೆಯೊಳಗೆ ಎಲ್ಲ ಮುಗಿದಿತ್ತು. ಅದಾಗಿ ಎರಡು ವಾರ. ಈ ದೇಶದಲ್ಲಿ ಸುಡುವುದಕ್ಕೂ ಸರದಿ ಕಾಯಬೇಕು.

ಮುಚ್ಚಳ ಮುಚ್ಚಿದರು. ನಾರ್‌ಶೋಪಿಂಗ್ ಸ್ಮಶಾನದ ಚಾಪೆಲ್‌ಗೆ ಒಬ್ಬೊಬ್ಬರಾಗಿ ಜನ ಬರತೊಡಗಿದರು. ಕನ್ನಡದವರು ಹತ್ತಾರು ಮಂದಿ. ಅವರ ಹಿಂದೆ ಕಪ್ಪು ಬಟ್ಟೆಯ ಸ್ವೀಡಿಷರ ಒಂದು ಗುಂಪು. ಮುಂದಿದ್ದ ವಯಸ್ಸಾದ ಹೆಂಗಸು ಪ್ರಹ್ಲಾದನ ಕೈ ಹಿಡಿದುಕೊಂಡಳು. ಅವಳು ಇಂಗೆಲಾ, ಸುಲೋಚನಾ ಮಂಗಳವಾರ ಹೋಗುತ್ತಿದ್ದ ಗಾಯನವೃಂದವನ್ನು ನಡೆಸುವವಳು.

"ಅವಳ ಹಾಡನ್ನು ನಾವು ಹಾಡಬಹುದೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಅವಳ ಹಾಡು?" ಎಂದ ಪ್ರಹ್ಲಾದ.

*

ಪ್ರಹ್ಲಾದನ ಮನೆತನದಲ್ಲಿ ಸಂಗೀತ ಕಲಿಯುವಂಥದ್ದಾಗಿರಲಿಲ್ಲ, ರಕ್ತದಲ್ಲಿ ಬರುವಂಥದ್ದಾಗಿತ್ತು. ಅವನಿಗೆ ಬಂದಿತ್ತು. ಮದುವೆಯಾದ ಹೊಸತರಲ್ಲಿ, ಗೌರಿಹಬ್ಬದ ದಿನ ಆರತಿ ಹಾಡಲು ಶುರುಮಾಡಿದ ಸುಲೋಚನಾಳನ್ನು ಅವನೇ ತಡೆದಿದ್ದ. "ಬೇಡ ಬಿಡು, ನಿಂಗೆ ಶ್ರುತಿನೇ ಇಲ್ಲ. ಅದು ಹುಟ್ಟಿನಿಂದ ಬರ್ಬೇಕು." ಮೆತ್ತಗೆಯೇ ಹೇಳಿದ್ದ. ಆಮೇಲೆ ಅವಳು ಮಗಳಿಗೆ ಜೋಗುಳವನ್ನೂ ಹಾಡಲಿಲ್ಲ.

ಡಾಗಿಸ್ ಕೆಲಸಕ್ಕೆ ಸೇರಿದ ಮೇಲೆ ಹಾಡದೆ ಗತಿಯಿರಲಿಲ್ಲ. ಒಂದು ಸಂಜೆ ನಗುತ್ತ ಮನೆಗೆ ಬಂದಳು.

"ರೀ, ನಾನು ಹಾಡಿದ್ದಕ್ಕೆ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಬಿಟ್ರು. ಆಮೇಲೆ ಒಬ್ಳು ಪುಟಾಣಿ 'ಹಂಗಲ್ಲ, ಹಿಂಗೆ' ಅಂತ ಹೇಳ್ಕೊಟ್ಲು. ಮತ್ತೆ ಹಾಡ್ದೆ, ಮತ್ತೆ ತಪ್ಪು. ನಿಂಗೆ ಬರಲ್ಲ ಅನ್ಲಿಲ್ಲ ರೀ ಅವ್ಳು. ಇನ್ನೂ ಬಂದಿಲ್ಲ ಅಂದ್ಲು."

"ಮಕ್ಕಳ ಹಾಡು ಬೇರೆ, ಸಂಗೀತ ಬೇರೆ," ಎಂದ ಪ್ರಹ್ಲಾದ, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ.

ಅವಳು ಗಾಯನವೃಂದಕ್ಕೆ ಸೇರಿದಳು. ತಾವಿದ್ದ ಕಟ್ಟಡದ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಮಷೀನುಗಳ ಸದ್ದಿನಲ್ಲಿ ಅಭ್ಯಾಸ ಮಾಡುತ್ತಿದ್ದಳು. ಮನೆಯಲ್ಲಿ ಯಾರೂ ಹಾಡುತ್ತಿರಲಿಲ್ಲ. ಒಂದು ಯುಗಾದಿ ಸಮಾರಂಭದಲ್ಲಿ ಮೇಲಿನ ಷಡ್ಜಕ್ಕೆ ಹೋಗುವಾಗ ಪ್ರಹ್ಲಾದನ ದನಿ ಒಡೆದಿತ್ತು. ಅಂದಿನಿಂದ ಯಾರು ಕೇಳಿದರೂ ಗಂಟಲು ಸರಿಯಿಲ್ಲ ಎನ್ನುತ್ತಿದ್ದ.

ಇದೇ ವರ್ಷ, ೨೦೦೭ರ ವಸಂತದಲ್ಲಿ, ಗಾಯನವೃಂದದ ಕಾರ್ಯಕ್ರಮವಿತ್ತು. "ಬನ್ರೀ, ಒಂದು ಗಂಟೆ ಅಷ್ಟೇ," ಎಂದಳು ಸುಲೋಚನಾ. ಮೀಟಿಂಗ್ ಇದೆ ಎಂದ. ಇರಲಿಲ್ಲ. ನಾಲ್ಕು ಜನರೆದುರು ಅವಳು ತಪ್ಪುವುದನ್ನು ಕೂತು ಕೇಳುವ ಧೈರ್ಯ ಅವನಿಗಿರಲಿಲ್ಲ.

*

"ಮೊದಲ ವರ್ಷ ಒಂದು ಸ್ವರವೂ ಸಿಗಲಿಲ್ಲ ಅವಳಿಗೆ," ಎಂದಳು ಇಂಗೆಲಾ. "ಎಲ್ಲರೂ ಹೋದ ಮೇಲೆ ಉಳಿದು, ಎಲ್ಲಿ ತಪ್ಪಿದೆ ಎಂದು ಕೇಳುತ್ತಿದ್ದಳು. ಈ ವಸಂತದ ಕಾರ್ಯಕ್ರಮದಲ್ಲಿ ಈ ಹಾಡಿನ ಮೊದಲ ಚರಣವನ್ನು ಒಬ್ಬಳೇ ಹಾಡಿದಳು. ನಿಮಗೆ ಹೇಳಿರಬೇಕಲ್ಲ."

ಹೇಳಿರಲಿಲ್ಲ.

"ಐ ವಾಸ್ ದೇರ್, ಪಪ್ಪಾ," ಎಂದಳು ಪಕ್ಕದಲ್ಲಿದ್ದ ಮಗಳು ಅದಿತಿ. "ಶಿ ವಾಸ್ ಗುಡ್." ಅಪ್ಪನ ಕಡೆ ನೋಡಲಿಲ್ಲ.

ಸ್ವೀಡಿಷರು ಹಾಡಿದರು. ಸರಳವಾದ ಹಾಡು. ಸುಲೋಚನಾಳ ದನಿ ಅದರಲ್ಲಿ ಹೇಗಿದ್ದೀತು ಎಂದು ಊಹಿಸಲು ಪ್ರಹ್ಲಾದ ಕಣ್ಣು ಮುಚ್ಚಿದ. ಗೌರಿಹಬ್ಬದ ದಿನದ ಆ ಅರ್ಧ ಸಾಲಿನ ಹೊರತು ಅವನ ಕಿವಿಯಲ್ಲಿ ಏನೂ ಇರಲಿಲ್ಲ.

ನೀರಜಾ ಮೊಣಕೈ ಮುಟ್ಟಿದಳು. ಅವನು ಎದ್ದು ಹೋಗಿ ಪೆಟ್ಟಿಗೆಯ ಬಳಿ ನಿಂತ. ಪಲ್ಲವಿ ಹೇಗೋ ದಾಟಿತು. ಮೇಲಿನ ಷಡ್ಜಕ್ಕೆ ದನಿ ಒಡೆದು ನಿಂತಿತು. ಕನ್ನಡದವರು ನೆಲ ನೋಡಿದರು. ಅವನು ಹಿಂದಕ್ಕೆ ಹೆಜ್ಜೆಯಿಟ್ಟ.

ಆಗ ಇಂಗೆಲಾ ತುಟಿ ತೆರೆಯದೆ ಅವನ ಆಧಾರ ಷಡ್ಜವನ್ನು ಹಿಡಿದಳು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಪ್ರಹ್ಲಾದ ಮತ್ತೆ ಶುರುಮಾಡಿದ. ಮತ್ತೆ ಅಲ್ಲಿಯೇ ಒಡೆಯಿತು. ಅವರು ಉಸಿರೆಳೆದುಕೊಂಡು ಪುನಃ ಅದೇ ಸ್ವರ ಹಿಡಿದರು. ಪೆಟ್ಟಿಗೆಯ ಮೇಲೆ ಕೈಯೂರಿ ಅವನು ಮೂರನೆಯ ಸಲ ಬಾಯಿ ತೆರೆದ.

ಅವರಿಗೆ ಕೊಟ್ಟಿದ್ದ ಹೊತ್ತು ಮುಗಿದಿತ್ತು. ಸ್ಮಶಾನದ ಸಿಬ್ಬಂದಿಯೊಬ್ಬ ಬಾಗಿಲನ್ನು ಸ್ವಲ್ಪ ತೆರೆದು ಇಣುಕಿದ. ಅವನ ಹಿಂದೆ ಒದ್ದೆ ಹಿಮದಲ್ಲಿ ಮುಂದಿನ ಸರದಿಯವರು ಹೂ ಹಿಡಿದು ನಿಂತಿದ್ದರು. ಸಿಬ್ಬಂದಿಯವನು ಅವರತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ.